ಶುಕ್ರವಾರದ ಯುದ್ಧಕ್ಕೆ ಯಾವ ಗಾಡಿ?

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕುಳಿತ ಪಿ.ಟಿ. ಟೀಚರನ್ನು ನೋಡಲು ಯಾರೂ ಬರಬಾರದು. ಬಂದವರು ಬೈಸಿಕೊಂಡೇ ಹೋಗುತ್ತಾರೆ. ಹಗ್ಗ ಜಗ್ಗಾಟದ ಹುಡುಗಿಯರಿಗೆ ಹಿಮ್ಮಡಿ ಊರುವುದು ಹೇಗೆಂದು ತೋರಿಸಲು ಹೋಗಿ, ತೋರಿಸುವ ಉತ್ಸಾಹದಲ್ಲಿ ನಾನೇ ಜಾರಿ ಬಿದ್ದು, ಪುತ್ತೂರಿನ ಆಸ್ಪತ್ರೆಯಲ್ಲಿ ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಉಪ್ಪಿನಂಗಡಿಯ ನನ್ನ ಬಾಡಿಗೆ ಮಹಡಿಯಲ್ಲಿ ಕೂತಿದ್ದೆ. ನೋಡಲು ಬಂದ ಹೆಡ್‌ಮಾಸ್ಟರು "ರೆಸ್ಟ್ ತೆಗೊಳ್ಳಿ ಟೀಚರ್" ಅಂದದ್ದಕ್ಕೂ ನನಗೆ ಸಿಟ್ಟು ಬಂದಿತ್ತು. ರೆಸ್ಟ್ ಅಲ್ಲದೆ ಮತ್ತೆಂತ, ಈ ಕಾಲಿನಲ್ಲಿ ನಾನು ರಿಲೇ ಓಡುತ್ತೇನಾ?

ನನ್ನ ಊರು ಸುಳ್ಯದ ಹತ್ತಿರದ ಆಲೆಟ್ಟಿ. ಅಲ್ಲಿಗೆ ಹೋಗಿ ಮಲಗಿದರೆ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ಸೇರಿ ನಮ್ಮ ಮನೆಮಾತು ಅರೆಭಾಷೆಯಲ್ಲಿ ಉಪದೇಶ ಮಾಡುತ್ತಾರೆ. ಅದಕ್ಕಿಂತ ನೋವೇ ವಾಸಿ ಎಂದು ಉಪ್ಪಿನಂಗಡಿಯಲ್ಲೇ ಉಳಿದೆ. ಕೆಳಗಿನ ಮನೆಯವರು ಬ್ಯಾರಿ ಮುಸ್ಲಿಮರು, ತಾಯಿ ಮತ್ತು ಮಗಳು ಇಬ್ಬರೇ. ಮಗಳು "ಉಮ್ಮ" ಎಂದು ಕರೆಯುವುದನ್ನು ಕೇಳಿ ಕೇಳಿ ನನಗೂ ಆ ತಾಯಿ ಉಮ್ಮನೇ ಆಗಿಬಿಟ್ಟಿದ್ದರು, ವಯಸ್ಸಿನಲ್ಲಿ ನನಗಿಂತ ಸಣ್ಣವರಾದರೂ. ಮನೆಯ ಯಜಮಾನರು ಗಲ್ಫಿನಲ್ಲಿ ಕ್ರೇನ್ ನಡೆಸುತ್ತಾರೆ. ಮಗಳ ಹಾಲುಹಲ್ಲು ಉದುರುವ ಮೊದಲೇ ವಿಮಾನ ಹತ್ತಿದವರು, ಅಪರೂಪಕ್ಕೆ ರಜೆಯಲ್ಲಿ ಬಂದು ಹೋಗುತ್ತಾರೆ. ಆ ಮಗಳು ಈಗ ದಿನಾ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಡಿಗ್ರಿ ಓದುತ್ತಾಳೆ.

ಒಂದು ಸಂಜೆ ಆ ಹುಡುಗಿ ಚಹಾ ಹಿಡಿದುಕೊಂಡು ಮೇಲೆ ಬಂದಳು. ನಾನು ಗೋಡೆ ನೋಡುತ್ತಾ ಕೂತಿದ್ದೆ.

"ಟೀಚರ್, ನಿಮಗೆ ಯಾರಿಗಾದ್ರೂ ಹೊಡೀಬೇಕು ಅಂತ ಅನ್ನಿಸ್ತದಾ?"

"ಈಗ ನೀನೇ ಎದುರಿಗೆ ಇದ್ದಿ, ನೋಡು ಮತ್ತೆ."

"ಹಾಗಾದ್ರೆ ನಿಮಗೆ ಇದು ಆಗ್ತದೆ" ಎಂದು ನಗುತ್ತಾ ನನ್ನ ಫೋನು ಕಸಿದುಕೊಂಡು ಅದಕ್ಕೆ ಒಂದು ಆಟ ಹಾಕಿಕೊಟ್ಟಳು. ಟ್ಯಾಂಕುಗಳ ಆಟ. ಆ ಕಡೆ ಹದಿನೈದು, ಈ ಕಡೆ ಹದಿನೈದು ಗಾಡಿಗಳು. ಒಂದೊಂದು ಗಾಡಿಯನ್ನೂ ಎಲ್ಲೋ ಕೂತ ಒಬ್ಬೊಬ್ಬ ಮನುಷ್ಯ ನಡೆಸುತ್ತಾನೆ. ಗಾಡಿಗಳಿಗೆ ಒಂದನೆಯದರಿಂದ ಹತ್ತನೆಯವರೆಗೆ ಮೆಟ್ಟಿಲುಗಳು. ಹೊಸಬರಿಗೆ ಒಂದನೆಯ ಮೆಟ್ಟಿಲಿನ ಡಬ್ಬ ಗಾಡಿ, ಆಡಿ ಆಡಿ ಗೆದ್ದವರಿಗೆ ಹತ್ತನೆಯ ಮೆಟ್ಟಿಲಿನ ಉಕ್ಕಿನ ಬೆಟ್ಟ. ಗ್ಯಾರೇಜಿನಿಂದ ಒಂದು ಗಾಡಿ ಆರಿಸಿ "ಯುದ್ಧ" ಎಂಬ ಗುಂಡಿ ಒತ್ತಬೇಕು, ಅಷ್ಟೇ.

ನಾನು ಒತ್ತಿದೆ. ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಮೂವತ್ತು ಹೆಸರುಗಳು ಎರಡು ಸಾಲಾಗಿ ಪರದೆಯ ಮೇಲೆ ಬಂದು ನಿಂತವು. ಓದಲಾಗದ ಲಿಪಿಗಳು, ಯಾವ್ಯಾವುದೋ ದೇಶದ ಬಾವುಟಗಳು. ಅವರಲ್ಲಿ ಯಾರಿಗೆ ಆಗ ಹಗಲೋ, ಯಾರು ಆಫೀಸಿನಲ್ಲಿ ಕದ್ದು ಆಡುತ್ತಿದ್ದರೋ, ಯಾರು ನನ್ನ ಹಾಗೆ ಕಾಲು ಮುರಿದುಕೊಂಡವರೋ. ಅಷ್ಟೂ ಜನರನ್ನು ಹುಡುಕಿ, ಕರೆದು, ಈ ಕಡೆ ಎಷ್ಟು ಭಾರದ ಗಾಡಿಯೋ ಆ ಕಡೆಯೂ ಅಷ್ಟೇ ಭಾರದ್ದನ್ನು ಇಟ್ಟು, ಎದುರು ಬದುರು ನಿಲ್ಲಿಸಿ ಆಗಿತ್ತು.

"ಇದನ್ನು ಯಾರು ಮಾಡುದು?" ಎಂದು ಕೇಳಿದೆ.

"ಯಾವುದನ್ನು?"

"ಈ ಜೋಡಿ ಹಾಕುದನ್ನು."

"ಯಾರೂ ಇಲ್ಲ ಟೀಚರ್, ಅದಾಗಿಯೇ ಆಗ್ತದೆ."

ನಾನು ಆ ಮೂವತ್ತು ಹೆಸರುಗಳ ಗುಂಗಿನಲ್ಲೇ ಇದ್ದೆ. ನನ್ನ ಗಾಡಿಯನ್ನು ಆಗಲೇ ಯಾರೋ ಸುಟ್ಟು ಹಾಕಿದ್ದರು, ನನಗೆ ಅದರ ಪರಿವೆಯೇ ಇರಲಿಲ್ಲ.

ನನಗೇಕೆ ಅಷ್ಟು ಬೆರಗು ಎಂದರೆ, ಜೋಡಿ ಹಾಕುವ ಕಷ್ಟ ನನಗೆ ಗೊತ್ತು. ಪುತ್ತೂರು, ಸುಳ್ಯ, ಕಡಬದ ಕಡೆ ಹಗ್ಗ ಜಗ್ಗಾಟ ಎಂದರೆ ಸುಮ್ಮನೆ ಎರಡು ಗುಂಪು ಹಗ್ಗ ಎಳೆಯುವುದಲ್ಲ. ತೂಕದ ವಿಭಾಗಗಳಿರುತ್ತವೆ. ತಂಡದ ಏಳೂ ಜನರ ಒಟ್ಟು ತೂಕ ಇಂತಿಷ್ಟೇ, ಅದಕ್ಕಿಂತ ಒಂದು ಕಿಲೋ ಹೆಚ್ಚಿಲ್ಲ. ನಾನು ಎಷ್ಟೋ ವರ್ಷಗಳಿಂದ ತೀರ್ಪುಗಾರ್ತಿ. ಕಡಬದ ಮೈದಾನದಲ್ಲಿ ತೂಕದ ಯಂತ್ರದ ಪಕ್ಕದಲ್ಲಿ ಕುರ್ಚಿ ಹಾಕಿ ಕೂತರೆ ಶುರುವಾಗುತ್ತದೆ ರಾಮಾಯಣ. ಒಬ್ಬನಿಗೆ ಯಂತ್ರ ವಾಲಿದೆ ಎಂದು ಅನುಮಾನ, ಇನ್ನೊಬ್ಬನಿಗೆ ಯಂತ್ರದ ಕೆಳಗಿನ ನೆಲ ವಾಲಿದೆ ಎಂದು ಅನುಮಾನ, ಮತ್ತೊಬ್ಬನಿಗೆ ನಾನೇ ಎದುರು ತಂಡದ ಕಡೆ ವಾಲಿದ್ದೇನೆ ಎಂದು ಅನುಮಾನ. ತೂಕ ಇಳಿಸಲು ಮುನ್ನಾ ದಿನದಿಂದ ಊಟ ಬಿಟ್ಟವರು ಕಣ್ಣು ಕತ್ತಲೆ ಬಂದು ಅಲ್ಲೇ ಕೂರುತ್ತಾರೆ. ತೂಗಿದವರ ತೋಳಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ತೂಕ ಬರೆಯುತ್ತೇವೆ, ಬೆವರಿಗೆ ಅದು ಅಳಿದುಹೋಗಿ ಪುನಃ ಜಗಳ. ಬೆಳಿಗ್ಗೆ ತೂಕಕ್ಕೆ ಕರೆದರೆ ಮೊದಲ ಜೋಡಿ ಹಗ್ಗ ಹಿಡಿಯುವಾಗ ಮಧ್ಯಾಹ್ನದ ಊಟದ ಹೊತ್ತು. ನನ್ನ ಗಂಟಲು ಅಷ್ಟರಲ್ಲಿ ಹರಿದುಹೋಗಿರುತ್ತದೆ.

ಇಲ್ಲಿ ನೋಡಿದರೆ ಒಂದು ಮಾತಿಲ್ಲ, ಒಂದು ಜಗಳವಿಲ್ಲ. ಜಗತ್ತಿನ ಮೂವತ್ತು ಅಪರಿಚಿತರು ಸರಿಸಮ ನಿಂತಿದ್ದಾರೆ! ಹುಡುಗಿ ಕೆಳಗೆ ಹೋದ ಮೇಲೂ ನಾನು ಆ ಗುಂಡಿಯನ್ನು ಒತ್ತುತ್ತಲೇ ಇದ್ದೆ. ಯುದ್ಧಕ್ಕಲ್ಲ, ಆ ಎರಡು ಸಾಲು ಬಂದು ನಿಲ್ಲುವುದನ್ನು ನೋಡಲಿಕ್ಕೆ. ಪ್ರತಿ ಸಲವೂ ಬೇರೆ ಮೂವತ್ತು ಜನ. ಪ್ರತಿ ಸಲವೂ ನನ್ನ ಮೈ ಜುಂ ಅನ್ನುತ್ತಿತ್ತು.

ಮರುದಿನ ಉಮ್ಮ ಊಟ ತಂದವರು ನನ್ನ ಕೈಯಲ್ಲಿ ಆ ಆಟ ನೋಡಿ ಅಲ್ಲೇ ಕೂತರು.

"ನೀವೂ ಇವರ ಜೊತೆ ಸೇರಿದ್ರಾ ಟೀಚರ್? ಒಳ್ಳೇದಾಯ್ತು. ಇವಳಿಗೂ ಅವಳ ಉಪ್ಪನಿಗೂ ಮಾತು ಶುರುವಾದದ್ದೇ ಈ ಆಟದಿಂದ." ಉಪ್ಪ ಎಂದರೆ ಅಪ್ಪ. "ಮೊದಲೆಲ್ಲ ಫೋನು ಕೊಟ್ರೆ ಅವರು ಊಟ ಆಯ್ತಾ ಅಂತ ಕೇಳುದು, ಇವಳು ಹೂಂ ಅನ್ನುದು. ಕಾಲೇಜು ಹೇಗುಂಟು ಅಂತ ಕೇಳುದು, ಇವಳು ಹೂಂ ಅನ್ನುದು. ಮತ್ತೆ ಫೋನು ನನ್ನ ಕೈಗೆ. ಅಪ್ಪ ಮಗಳು ಅಂತ ಹೇಳ್ಲಿಕ್ಕಿಲ್ಲ, ಬ್ಯಾಂಕಿನವರ ಹತ್ತಿರ ಮಾತಾಡಿದ ಹಾಗೆ. ಈ ಆಟ ಬಂದ ಮೇಲೆ ಶುಕ್ರವಾರ ಶುಕ್ರವಾರ ಎಂತ ಗಲಾಟೆ ಅಂತೀರಿ, ನಗಾಡುದು, ಬೊಬ್ಬೆ ಹಾಕುದು. ನಾನು ಅಡಿಗೆ ಕೋಣೆಯಲ್ಲಿ ಕೇಳ್ತಾ ನಿಲ್ತಿದ್ದೆ."

"ಈಗ?"

"ಈಗ ಪುನಃ ಹೂಂ ಶುರುವಾಗಿದೆ. ಆಟ ಬಿಡ್ತೇನೆ ಅಂತಾಳೆ. ಯಾಕೆ ಅಂತ ಕೇಳಿದ್ರೆ ಹೇಳುದಿಲ್ಲ. ಅವಳು ಬಿಟ್ರೆ ಅವರಿಗೆ ಅಲ್ಲಿ ಎಂತ ಉಂಟು ಟೀಚರ್?" ಉಮ್ಮನ ಕಣ್ಣು ತುಂಬಿತು. ನನಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ. "ನಾನು ನೋಡ್ತೇನೆ" ಎಂದೆ, ಮಕ್ಕಳ ಮಂಡಿಗೆ ಗಾಯವಾದಾಗ ಹೇಳುವ ಧ್ವನಿಯಲ್ಲಿ.

ಶುಕ್ರವಾರ ಬಂತು. ಗಲ್ಫಿನಲ್ಲಿ ಅಂದು ರಜೆ. ಯಜಮಾನರು ಜುಮಾ ನಮಾಜು ಮುಗಿಸಿ, ಊಟ ಮಾಡಿ, ಕಾರ್ಮಿಕರ ಕ್ಯಾಂಪಿನ ಮಂಚದ ಮೇಲೆ ಫೋನು ಹಿಡಿದು ಕೂರುವಾಗ ನಮಗಿಲ್ಲಿ ಸಂಜೆಯ ಚಹಾದ ಹೊತ್ತು. ಮಗಳು ಕಾಲೇಜಿನಿಂದ ಬಂದು ಮೇಲೆ ನನ್ನ ಕೋಣೆಗೇ ಬಂದಳು. ಮೂರು ಜನ ಒಂದೇ ತುಕಡಿಯಾಗಿ ಯುದ್ಧಕ್ಕೆ ಹೋಗಬಹುದು, ಕಿವಿಯ ಹೆಡ್‌ಫೋನಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ನಾನು ಮೂರನೆಯವಳಾದೆ.

"ಟೀಚರೇ, ಹೆದರಬೇಡಿ. ಮುಂದೆ ನಾನಿದ್ದೇನೆ" ಎಂದರು ಯಜಮಾನರು. ಅವರ ಗಾಡಿ ನೋಡಿದೆ. ಹತ್ತನೆಯ ಮೆಟ್ಟಿಲಿನದು, ಅದರ ಫಿರಂಗಿಯ ನಳಿಗೆಯೊಳಗೆ ನನ್ನ ಗಾಡಿ ಪಾರ್ಕ್ ಮಾಡಬಹುದಿತ್ತು. ಮಗಳದ್ದು ಮೂರನೆಯ ಮೆಟ್ಟಿಲಿನ ಹಗುರ ಗಾಡಿ, ನನ್ನದು ಗೊತ್ತೇ ಇದೆಯಲ್ಲ, ಡಬ್ಬ.

ಗುಂಡಿ ಒತ್ತಿದ ಮೇಲೆ ಎರಡು ಸಾಲು ಬಂದು ನಿಂತವು. ಈ ಸಲ ಎಲ್ಲ ಹತ್ತನೆಯ, ಒಂಬತ್ತನೆಯ ಮೆಟ್ಟಿಲಿನ ರಾಕ್ಷಸರು. ಕೊನೆಯಲ್ಲಿ ನಾವಿಬ್ಬರು. ಎದುರು ಸಾಲಿನ ಕೊನೆಯಲ್ಲೂ ಇಬ್ಬರು ಬಡಪಾಯಿಗಳು. ಯುದ್ಧ ಶುರುವಾಗಿ ನಾನು ಗಾಡಿಯನ್ನು ಮುಂದಕ್ಕೆ ಹೊಡೆಯುವುದೋ ಹಿಂದಕ್ಕೋ ಎಂದು ಯೋಚಿಸುವಷ್ಟರಲ್ಲಿ ದೂರದ ಗುಡ್ಡದಿಂದ ಬಂದ ಒಂದೇ ಗುಂಡೇಟಿಗೆ ಹೋದೆ. ಮಗಳು ಒಂದು ತಿರುವು ದಾಟಿದ್ದಳು, ಅವಳೂ ಹೋದಳು. ಆಮೇಲೆ ಸತ್ತವರಿಗೆ ಉಳಿದದ್ದು ಬದುಕಿದವರ ಆಟ ನೋಡುವ ಕೆಲಸ. ಯಜಮಾನರು ಒಬ್ಬೊಬ್ಬರನ್ನೇ ಕೆಡವುತ್ತಾ ಹೋದರು. ನಿಜ ಹೇಳಬೇಕು, ಅಮೋಘವಾಗಿ ಆಡಿದರು. "ನೋಡಿದ್ಯಾ ಮಗಳೇ? ಈಗ ನೋಡು, ಈಗ ನೋಡು" ಎಂದು ಕೂಗುತ್ತಿದ್ದರು. ಪಕ್ಕದಲ್ಲಿ ಮಗಳು ಉಗುರು ನೋಡಿಕೊಳ್ಳುತ್ತಾ "ಹೂಂ" ಅನ್ನುತ್ತಿದ್ದಳು. ಇನ್ನೊಂದು ಆಟ, ಪುನಃ ಅದೇ. ಮತ್ತೊಂದು, ಪುನಃ ಅದೇ. ಕೊನೆಗೆ ಅವಳು "ಉಪ್ಪಾ, ನನಗೆ ತಲೆನೋವು" ಎಂದು ಹೆಡ್‌ಫೋನು ತೆಗೆದಿಟ್ಟಳು.

ತಲೆನೋವು ಇರಲಿಲ್ಲ ಎಂದು ನನಗೆ ಗೊತ್ತು. ಕವಾಯತಿನ ದಿನ ನನ್ನ ಎದುರು ಹೊಟ್ಟೆ ಹಿಡಿದುಕೊಂಡು ನಿಲ್ಲುವವರ ಮುಖ ನಾನು ಎಷ್ಟು ನೋಡಿಲ್ಲ!

"ಈ ಯಂತ್ರಕ್ಕೆ ಬುದ್ಧಿ ಇಲ್ವಾ? ಇಷ್ಟು ಚಂದ ಜೋಡಿ ಹಾಕುವವ ನಮ್ಮನ್ನು ಆನೆಗಳ ಕಾಲಡಿಗೆ ಯಾಕೆ ಹಾಕಿದ?" ಎಂದು ಸಿಟ್ಟಿನಿಂದ ಕೇಳಿದೆ.

ಅವಳು ವಿವರಿಸಿದಳು. ಮೂವರು ಒಟ್ಟಿಗೆ ಹೋದರೆ ಯಂತ್ರ ಮೂವರಲ್ಲಿ ಅತಿ ದೊಡ್ಡ ಗಾಡಿ ಯಾರದೋ ಅದನ್ನು ನೋಡಿ ಯುದ್ಧ ಹುಡುಕುತ್ತದೆ. ಉಪ್ಪ ಹತ್ತನೆಯ ಮೆಟ್ಟಿಲಾದರೆ ಯುದ್ಧವೂ ಹತ್ತನೆಯ ಮೆಟ್ಟಿಲಿನದೇ. ಎದುರಿನವರಿಗೂ ನಮ್ಮಂಥದೇ ಇನ್ನೊಂದು ತುಕಡಿ ಹುಡುಕಿ ಕೊಡುತ್ತದೆ. "ಅನ್ಯಾಯ ಅಂತ ಹೇಳ್ಲಿಕ್ಕೆ ಆಗುದಿಲ್ಲ ಟೀಚರ್. ಎರಡು ಕಡೆಯೂ ಒಟ್ಟು ತೂಕ ಸಮ."

ಒಟ್ಟು ತೂಕ ಸಮ. ಆ ಮಾತು ಕೇಳಿ ನನಗೆ ಕೊಯಿಲ ಎಂಬ ಊರಿನ ಒಂದು ಪಂದ್ಯ ಕಣ್ಣಿಗೆ ಕಟ್ಟಿತು. ಹೆಂಗಸರ ವಿಭಾಗ. ಒಂದು ತಂಡದವರು ಹಗ್ಗದ ಕೊನೆಗೆ ನಿಲ್ಲಲು ಭಾರೀ ಗಟ್ಟಿಗಿತ್ತಿಯೊಬ್ಬಳನ್ನು ಕರೆತಂದಿದ್ದರು. ಅವಳೊಬ್ಬಳ ತೂಕಕ್ಕೆ ಸರಿದೂಗಿಸಲು ಮುಂದೆ ಮೂವರು ಕಡ್ಡಿಯಂಥ ಹುಡುಗಿಯರು. ನಾನೇ ತೂಗಿದೆ, ಒಟ್ಟು ಸರಿಯಾಗಿತ್ತು. ನಾನೇ ಸೀಟಿ ಊದಿದೆ. ಹಿಂದಿನವಳು ಎಳೆದ ರಭಸಕ್ಕೆ ಹಗ್ಗ ಮುಂದಿನ ಹುಡುಗಿಯರ ಅಂಗೈಯೊಳಗೆ ಜಾರಿ ಚರ್ಮ ಕಿತ್ತುಬಂತು. ಅವರು ಗೆದ್ದರು. ಗೆದ್ದ ಹಗ್ಗವನ್ನು ಆ ಮೂವರೂ ಕೆಳಗೆ ಬಿಟ್ಟು, ಕಪ್ಪು ತೆಗೆದುಕೊಳ್ಳಲಿಕ್ಕೂ ಹೋಗದೆ, ಮೈದಾನದ ಬದಿಯಲ್ಲಿ ಅಂಗೈ ಊದಿಕೊಳ್ಳುತ್ತಾ ಕೂತಿದ್ದರು. ಮರುವರ್ಷ ಅವರಲ್ಲಿ ಒಬ್ಬಳೂ ಆಟಕ್ಕೆ ಬರಲಿಲ್ಲ.

ನನಗೆ ಕೆಲಸ ಸಿಕ್ಕಿತು. ಆಟ ಮಾಡಿದ ಕಂಪನಿಯವರಿಗೆ ಸಲಹೆ ಬರೆಯಲು ಒಂದು ಜಾಗವಿದೆ, ಜಗತ್ತಿನ ಆಟಗಾರರೆಲ್ಲ ಅಲ್ಲಿ ಬರೆಯುತ್ತಾರೆ. ನಾನು ಹೇಳಿದೆ, ಹುಡುಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ತುಕಡಿಯ ದೊಡ್ಡ ಗಾಡಿಯನ್ನು ನೋಡಬೇಡಿ, ಸಣ್ಣ ಗಾಡಿಗೆ ಉಸಿರಾಡಲು ಜಾಗ ಇರುವ ಯುದ್ಧ ಹುಡುಕಿ ಎಂದೆ. ಮೂವರ ಮಧ್ಯೆ ಅಂತರ ಹೆಚ್ಚಿದ್ದರೆ ಗುಂಡಿ ಒತ್ತುವ ಮೊದಲೇ ಎಚ್ಚರಿಸಿ ಎಂದೆ. ಆಮೇಲೆ ಗಾಡಿ ಆರಿಸುವ ಕ್ರಮದ ಮೇಲೂ ನನಗೆ ಸಿಟ್ಟಿತ್ತು. ಮೊದಲು ಗಾಡಿ ಆರಿಸಬೇಕು, ನೆಲ ಯಾವುದು ಎಂದು ತಿಳಿಯುವುದು ಆಮೇಲೆ! ಇದು ಯಾವ ಸೀಮೆಯ ಪದ್ಧತಿ? ಆಲೆಟ್ಟಿಯ ಗುಡ್ಡದ ಮನೆಗೆ ಹೋಗುವುದಾದರೆ ಜೀಪು, ಪುತ್ತೂರಿನ ಪೇಟೆಗೆ ರಿಕ್ಷಾ ಎಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಗ್ಗ ಜಗ್ಗಾಟದ ಕೋಚು ಕೂಡ ಮೈದಾನದ ಮಣ್ಣು ತುಳಿದು ನೋಡಿಯೇ ಯಾರನ್ನು ಇಳಿಸುವುದು ಎಂದು ಹೇಳುವುದು. ಹಾಗೆಯೇ ಆಟಗಾರನ ಕೈಗೆ ಎರಡು ಮೂರು ಗಾಡಿ ಕೊಡಿ, ನೆಲ ತೋರಿಸಿ, ಮತ್ತೆ ಆರಿಸಲು ಬಿಡಿ ಎಂದೆ.

"ಟೀಚರ್, 'ಇದು ಯಾವ ಸೀಮೆಯ ಪದ್ಧತಿ' ಅನ್ನುದಕ್ಕೆ ಇಂಗ್ಲಿಷಿನಲ್ಲಿ ಎಂತ ಬರಿಲಿ?"

"ಸಿಟ್ಟು ಬಂದಿದೆ ಅಂತ ಬರಿ."

ನಾನು ಎರಡನೆಯ ಸಲ ಬೆರಗಾದದ್ದು ಅಲ್ಲಿ. ಮರುದಿನ ನೋಡಿದರೆ ಆ ಬರಹದ ಕೆಳಗೆ ಸಾಲು ಸಾಲು ಉತ್ತರಗಳು. ಹಿಮ ಬೀಳುವ ಯಾವುದೋ ದೇಶದವನೊಬ್ಬ ಜೀಪಿನ ಮಾತು ಸರಿ ಎಂದು ಬರೆದಿದ್ದ. ಇನ್ನೊಬ್ಬ, ನೆಲ ನೋಡಿ ಆರಿಸಲು ಬಿಟ್ಟರೆ ಎಲ್ಲರೂ ಒಂದೇ ಬಗೆಯ ಗಾಡಿ ತರುತ್ತಾರೆ, ಆಗ ಜೋಡಿ ಹಾಕಲು ಎಷ್ಟು ಹೊತ್ತು ಕಾಯಬೇಕು ಎಂದು ಜಗಳಕ್ಕೆ ನಿಂತಿದ್ದ. ಅವನ ಮಾತಿನಲ್ಲೂ ಹುರುಳಿತ್ತು, ನನಗೆ ಅದು ಹೊಳೆದೇ ಇರಲಿಲ್ಲ. ಹಗ್ಗದ ತಂಡದ ಹಾಗೆ ಗುಂಪಿನಲ್ಲಿ ಇಂಥ ಬಗೆಯ ಗಾಡಿ ಇಷ್ಟೇ ಎಂದು ಮಿತಿ ಹಾಕಿದರಾಯಿತು ಎಂದು ನಾನು ತಿರುಗಿ ಬರೆಸಿದೆ. ಮತ್ಯಾರೋ ಒಬ್ಬ ಹೆಂಗಸು ತನ್ನ ಗಂಡನ ಜೊತೆ ಆಡಿ ಇದೇ ಪಾಡು ಪಟ್ಟು ಆಟ ಬಿಟ್ಟೆ ಎಂದು ಬರೆದಿದ್ದಳು. ಉಪ್ಪಿನಂಗಡಿಯ ಮಹಡಿಯಲ್ಲಿ ಕಾಲು ಚಾಚಿಕೊಂಡು ನಾನು ಆಡಿದ ಮಾತಿಗೆ ಭೂಮಿಯ ಆ ತುದಿಯಲ್ಲಿ ಯಾರೋ ತಲೆದೂಗಿದರು ಎಂದು ನೆನೆಸಿಕೊಂಡರೆ ಈಗಲೂ ನಂಬಿಕೆ ಬರುವುದಿಲ್ಲ. ಕಂಪನಿಯವರಿಂದಲೂ ಉತ್ತರ ಬಂತು. ಧನ್ಯವಾದ, ಪರಿಶೀಲಿಸುತ್ತೇವೆ.

"ಅವರು ಪರಿಶೀಲಿಸಿ ಮುಗಿಸುವಾಗ ನನ್ನ ಡಿಗ್ರಿಯೇ ಮುಗಿದಿರ್ತದೆ" ಎಂದಳು ಹುಡುಗಿ.

"ಹಾಗಾದ್ರೆ ನೀನೇ ಉಪ್ಪನಿಗೆ ಹೇಳು. ಸಣ್ಣ ಗಾಡಿ ತನ್ನಿ ಅಂತ. ಮೂರನೇ ಮೆಟ್ಟಿಲಿನ ಗಾಡಿ ಅವರ ಗ್ಯಾರೇಜಿನಲ್ಲಿಯೂ ಉಂಟಲ್ಲ?"

ಅವಳ ಮುಖ ಸಣ್ಣದಾಯಿತು. "ಹೇಳುದು ಹೇಗೆ ಟೀಚರ್? ಮೊದಲು ಅವರದ್ದೂ ಸಣ್ಣದೇ ಇತ್ತು. ಅಷ್ಟು ದೊಡ್ಡದು ಮಾಡಿದ್ದೇ ನನಗೆ ತೋರಿಸ್ಲಿಕ್ಕೆ. ಬೇಡ ಅಂದ್ರೆ ಅವರಿಗೆ ಬೇಜಾರಾಗ್ತದೆ. ಹೇಳುದಕ್ಕಿಂತ ಬಿಡುದೇ ಒಳ್ಳೇದು."

ಅವಳು ಹೇಳಿದ್ದು ನನಗೆ ಅರ್ಥವಾಯಿತು, ಏಕೆಂದರೆ ಗಲ್ಫಿನಿಂದ ಊರಿಗೆ ಬರುವವರ ಕ್ರಮ ನಾನು ನೋಡಿದ್ದೇನೆ. ವಿಮಾನ ಇಳಿದವರು ಅಲ್ಲಿ ಸಿಗುವ ಅತಿ ದೊಡ್ಡ ಗಾಡಿಯನ್ನೇ ಹಿಡಿದು ಮನೆಗೆ ಬರಬೇಕು, ಸಾಮಾನು ಎರಡೇ ಪೆಟ್ಟಿಗೆಯಾದರೂ ಸರಿ. ಅದು ಜಂಬ ಎಂದು ತಿಳಿಯದವರು ಹೇಳುತ್ತಾರೆ. ಜಂಬವಲ್ಲ, ಮನೆಯವರಿಗೆ ಸಲ್ಲಿಸುವ ಮರ್ಯಾದೆ. ಈ ಯಜಮಾನರು ಕಳೆದ ಸಲ ರಜೆಗೆ ಬಂದಾಗಲೂ ಹಾಗೆಯೇ ಆಯಿತು. ನಮ್ಮ ಓಣಿಯ ಬಾಯಲ್ಲಿ ಒಂದು ಮೋರಿ ಇದೆ, ರಿಕ್ಷಾ ದಾಟುತ್ತದೆ, ಕಾರು ಉಸಿರು ಬಿಗಿಹಿಡಿದು ದಾಟುತ್ತದೆ. ಅವರು ತಂದದ್ದು ಮದುವೆ ದಿಬ್ಬಣ ಹಿಡಿಸುವ ಗಾಡಿ. ಡ್ರೈವರ್ ಆಗುವುದಿಲ್ಲ ಎಂದ, ಇವರು ಹೋಗು ಎಂದರು. ಗಾಡಿ ಮೋರಿಯ ಎರಡು ಕಟ್ಟೆಗಳ ನಡುವೆ ಸಿಕ್ಕಿಕೊಂಡು ಓಣಿಯೇ ಬಂದ್. ಮನೆಯೆದುರು ಬಂದು ನಿಲ್ಲುವ ಗಾಡಿಗಾಗಿ ಹೊಸ ಬಟ್ಟೆ ಹಾಕಿ ಕಾಯುತ್ತಿದ್ದ ಮಗಳು ಕೊನೆಗೆ ಮೋರಿಯವರೆಗೆ ಓಡಿದಳು. ಗಾಡಿಯ ಬಾಗಿಲು ತೆರೆಯಲು ಜಾಗವಿಲ್ಲದೆ ಉಪ್ಪ ಒಳಗೆ, ಮಗಳು ಹೊರಗೆ. ಇಡೀ ಓಣಿ ನಕ್ಕಿತು, ನಾನೂ ಮಹಡಿಯಿಂದ ನಕ್ಕೆ. "ಮನೆಯವರ ಹತ್ತಿರ ಸಣ್ಣ ಗಾಡಿಯಲ್ಲಿ ಬರುದಾ ಟೀಚರೇ?" ಎಂದು ಅವರು ಆಮೇಲೆ ನನ್ನನ್ನೇ ಕೇಳಿದ್ದರು. ಈಗ ಆಟದಲ್ಲಿ ಮಾಡುತ್ತಿದ್ದದ್ದೂ ಅದೇ.

ಮುಂದಿನ ಶುಕ್ರವಾರ ಹುಡುಗಿ ಮೇಲೆ ಬರಲಿಲ್ಲ, ತಲೆನೋವೆಂದು ಉಮ್ಮನ ಕೈಯಲ್ಲಿ ಹೇಳಿಕಳಿಸಿದಳು. ನಾನೊಬ್ಬಳೇ ಹೆಡ್‌ಫೋನು ಹಾಕಿ ಕೂತೆ. ಯಜಮಾನರು ಬಂದರು.

"ಅವಳಿಲ್ವಾ?"

"ತಲೆನೋವಂತೆ."

"ಡಾಕ್ಟ್ರಿಗೆ ತೋರಿಸ್ಬೇಕಾ ಅಂತ, ಟೀಚರೇ? ಶುಕ್ರವಾರವೇ ಬರ್ತದಲ್ಲ ಅವಳಿಗೆ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಡಾಕ್ಟ್ರಿಗೆ ತೋರಿಸುದಾದ್ರೆ ನಿಮ್ಮ ಗಾಡಿಯನ್ನು ತೋರಿಸಿ ಮಾರಾಯ್ರೆ. ತಲೆನೋವು ಅದು. ಹತ್ತನೇ ಮೆಟ್ಟಿಲಿನಲ್ಲಿ ಆ ಮಗು ಎಂತ ಮಾಡುದು? ಬರುದು, ಸಾಯುದು, ನಿಮ್ಮ ಪ್ರದರ್ಶನ ನೋಡುದು. ನೀವು ಕರೆಯುದು ಆಡ್ಲಿಕ್ಕಾ, ಚಪ್ಪಾಳೆ ತಟ್ಲಿಕ್ಕಾ?"

ಆ ಕಡೆ ಮಂಚ ಕಿರುಗುಟ್ಟಿತು, ಅವರು ಎದ್ದು ನಿಂತಿರಬೇಕು.

"ಈ ಗಾಡಿಗೆ ಎಷ್ಟು ಸಮಯ ಹಿಡಿದಿದೆ ಗೊತ್ತುಂಟಾ ನಿಮಗೆ?" ಅವರ ಧ್ವನಿ ತಗ್ಗಿತ್ತು. "ಕ್ಯಾಂಪಿನಲ್ಲಿ ಎಲ್ಲ ಮಲಗಿದ್ರೂ ನಾನು ಆಡ್ತಿದ್ದೆ. ಅವಳ ಮುಂದೆ ಒಂದು ದೊಡ್ಡದು ನಿಲ್ಲಿಸ್ಬೇಕು ಅಂತ. ಇಷ್ಟು ದೂರದಿಂದ ನಾನು ಅವಳಿಗೆ ಬೇರೆ ಎಂತ ಮಾಡ್ಲಿಕ್ಕೆ ಆಗ್ತದೆ?"

"ಮುಂದೆ ನಿಲ್ಲಿಸಿದ್ದೀರಿ, ಸರಿ. ಅವಳಿಗೆ ಕಾಣುದು ಅದರ ಬೆನ್ನು ಮಾತ್ರ."

ಅವರು ಫೋನು ಇಟ್ಟರು. ಹೆಸರಿನ ಪಕ್ಕದ ಹಸಿರು ದೀಪ ಆರಿತು. ಉಮ್ಮನಿಗೆ ನೋಡ್ತೇನೆ ಎಂದು ಮಾತು ಕೊಟ್ಟವಳು, ಇದ್ದ ಒಂದು ಎಳೆಯನ್ನೂ ನನ್ನ ಬಾಯಿಂದಲೇ ಕಡಿದುಬಿಟ್ಟೆನಾ? ಆ ವಾರವಿಡೀ ಉಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ತಂದಿಟ್ಟ ಊಟ ಸೇರಲಿಲ್ಲ. ಅವರು ಅದನ್ನು ಕಾಲುನೋವು ಎಂದು ತಿಳಿದರು.

ಮತ್ತೆ ಶುಕ್ರವಾರ. ನಾನು ಹುಡುಗಿಯನ್ನು ಗದರಿಸಿಯೇ ಮೇಲೆ ಕರೆಸಿದೆ. "ಇದೊಂದು ಸಲ ಕೂತ್ಕೋ, ಆಮೇಲೆ ಬೇಕಾದ್ರೆ ಬಿಡು." ಅವಳು ಕೂತಳು. ಉಪ್ಪನ ಹೆಸರಿನ ಪಕ್ಕದಲ್ಲಿ ದೀಪವಿರಲಿಲ್ಲ. ಚಹಾ ತಣ್ಣಗಾಯಿತು. "ಬರುದಿಲ್ಲ ಕಾಣ್ತದೆ" ಎಂದು ಅವಳು ಏಳುವುದರಲ್ಲಿದ್ದಳು, ಆಗ ದೀಪ ಹತ್ತಿತು.

"ಕೇಳ್ತದಾ?" ಎಂದರು ಯಜಮಾನರು.

ಅವರ ಹೆಸರಿನ ಕೆಳಗೆ ನಿಂತ ಗಾಡಿ ನೋಡಿ ಹುಡುಗಿ ಫೋನನ್ನು ಕಣ್ಣಿನ ಹತ್ತಿರ ತಂದಳು. ಮೂರನೆಯ ಮೆಟ್ಟಿಲಿನ ಹಗುರ ಗಾಡಿ. ಅವಳದೇ ಜಾತಿಯದು, ಅವಳದಕ್ಕಿಂತ ಹಳೆಯದು. ಎಷ್ಟೋ ಕಾಲದಿಂದ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದದ್ದು.

"ಉಪ್ಪಾ, ನಿಮ್ಮ ದೊಡ್ಡದು?"

"ಅಲ್ಲಿ ಉಂಟು. ಮಲಗಿದೆ. ಹೋಗುವಾ."

ಅಷ್ಟು ಸಲೀಸಾಗಿ ಅಂದುಬಿಟ್ಟರು. ಹಗ್ಗ ಜಗ್ಗಾಟದಲ್ಲಿ ಗೆಲ್ಲುವುದಕ್ಕಾಗಿ ಊಟ ಬಿಟ್ಟು ತೂಕ ಇಳಿಸಿದವರನ್ನು ನಾನು ನೂರಾರು ನೋಡಿದ್ದೇನೆ. ಮಗಳ ಪಕ್ಕದಲ್ಲಿ ನಿಲ್ಲುವುದಕ್ಕಾಗಿ ಇಳಿಸಿದವರನ್ನು ನೋಡಿದ್ದು ಅದೇ ಮೊದಲು.

ಅಯ್ಯೋ, ಆದರೆ ಆಡಿದ್ದು ನೋಡಬೇಕಿತ್ತು! ಹಗುರ ಗಾಡಿ ಹೊಡೆಯುವುದೇ ಅವರಿಗೆ ಮರೆತುಹೋಗಿತ್ತು. ಮೊದಲ ಆಟದಲ್ಲಿ ಸೀದಾ ಹೋಗಿ ಕೆರೆಗೆ ಬಿದ್ದರು. "ಬ್ರೇಕ್ ಎಲ್ಲುಂಟು ಇದಕ್ಕೆ?" ಎಂದು ಕೂಗಿದರು. ಎರಡನೆಯದರಲ್ಲಿ ನನ್ನ ಗಾಡಿಗೇ ಬಂದು ಗುದ್ದಿದರು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಪ್ಪಾ, ಇದು ಕ್ರೇನ್ ಅಲ್ಲ! ನನ್ನ ಹಿಂದೆ ಬನ್ನಿ, ನಿಧಾನ, ನಿಧಾನ" ಎಂದು ದಾರಿ ಹೇಳಿಕೊಟ್ಟಳು. ಕೆಳಗೆ ಅಡಿಗೆ ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಉಮ್ಮ ಕೇಳುತ್ತಾ ನಿಂತಿದ್ದಾರೆ ಎಂದು ನನಗೆ ಗೊತ್ತಾಯಿತು.

ಆಮೇಲಿನ ಆಟವನ್ನು ನಾನು ಯಾವತ್ತೂ ಮರೆಯಲಾರೆ. ನಾನೂ ಅಷ್ಟರಲ್ಲಿ ಆಡಿ ಆಡಿ ಮೂರನೆಯ ಮೆಟ್ಟಿಲಿಗೆ ಬಂದಿದ್ದೆ. ಯಂತ್ರ ಈ ಸಲ ಎಲ್ಲರನ್ನೂ ನಮ್ಮ ಮೆಟ್ಟಿಲಿನವರನ್ನೇ ಹುಡುಕಿ ನಿಲ್ಲಿಸಿತ್ತು, ಒಬ್ಬರಿಗಿಂತ ಒಬ್ಬರು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಳೆಯ ರೈಲು ನಿಲ್ದಾಣ, ಪೊದೆಗಳು, ಒಂದು ಸಣ್ಣ ಊರು. ನಾನು ಹೋದೆ. ಯಜಮಾನರು ಹೋದರು. ಒಬ್ಬೊಬ್ಬರಾಗಿ ನಮ್ಮ ಕಡೆಯವರೆಲ್ಲ ಹೋಗಿ ಕೊನೆಗೆ ಹುಡುಗಿಯೊಬ್ಬಳೇ ಉಳಿದಳು. ಎದುರಿಗೆ ಮೂವರು. ಸತ್ತವರು ಬದುಕಿದವರ ಆಟ ನೋಡಬೇಕಲ್ಲ, ಯಜಮಾನರ ಫೋನಿನಲ್ಲೂ ಈಗ ಮಗಳ ಕಣ್ಣಿಗೆ ಕಂಡದ್ದೇ ಕಾಣುತ್ತಿತ್ತು. ಅವರು ಅವಳ ಆಟ ಹೀಗೆ ಕೂತು ನೋಡಿದ್ದು ಅದೇ ಮೊದಲು. ಇಷ್ಟು ದಿನ ಅವರಿಗಿಂತ ಮೊದಲು ಅವಳೇ ಸಾಯುತ್ತಿದ್ದಳು.

"ಹೊಡಿ ಮಗಳೇ! ಎಡಗಡೆ, ಎಡಗಡೆ ಒಬ್ಬ ಇದ್ದಾನೆ, ಹೊಡಿ!"

"ಉಪ್ಪಾ, ಸುಮ್ಮನಿರಿ. ನಾನು ಕೇಳ್ತಾ ಇದ್ದೇನೆ."

ಅವರು ಸುಮ್ಮನಾದರು. ಹುಡುಗಿ ಗಾಡಿಯನ್ನು ಪೊದೆಯೊಳಗೆ ನಿಲ್ಲಿಸಿ, ಎಂಜಿನ್ನಿನ ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳುತ್ತಾ ಕೂತಳು. ನನ್ನ ಪಕ್ಕದಲ್ಲೇ ಕೂತಿದ್ದ ಹುಡುಗಿ ನನಗೆ ಗುರುತೇ ಇಲ್ಲದವಳಂತೆ ಕಂಡಳು. ಕಣ್ಣು ಮಿಟುಕಿಸಲಿಲ್ಲ, ಉಸಿರು ಸದ್ದಿಲ್ಲ. ಮೊದಲನೆಯವನು ಅವಳ ಮುಂದಿನಿಂದಲೇ ಹಾದುಹೋದ, ಬಿಟ್ಟಳು. ಎರಡನೆಯವನೂ ಹೋದ, ಬಿಟ್ಟಳು. ನನಗೆ ತಡೆಯಲಾಗದೆ ಬಾಯಿಗೆ ಶಾಲಿನ ತುದಿ ತುರುಕಿಕೊಂಡೆ. ಆಮೇಲೆ ಹೊರಟಳು. ರೈಲು ಹಳಿಯ ಬದಿಯಿಂದ ಸುತ್ತು ಬಳಸಿ ಇಬ್ಬರ ಬೆನ್ನ ಹಿಂದೆ ಬಂದು, ಒಬ್ಬನನ್ನು ಕೆಡವಿದಳು, ಅವನ ಹೊಗೆಯ ಮರೆಯಲ್ಲೇ ಜಾರಿ ಇನ್ನೊಬ್ಬನನ್ನು ಕೆಡವಿದಳು. ಸತ್ತ ಅಪರಿಚಿತರೆಲ್ಲ ತಮ್ಮ ತಮ್ಮ ಭಾಷೆಯಲ್ಲಿ ಪರದೆಯ ಮೂಲೆಯಲ್ಲಿ ಏನೇನೋ ಬರೆಯತೊಡಗಿದರು. ಓದಲು ಬಾರದಿದ್ದರೂ ಅದು ಹೊಗಳಿಕೆ ಎಂದು ನನಗೆ ಗೊತ್ತಾಯಿತು. ಮೂರನೆಯವನು ಮತ್ತು ಅವಳು ಒಂದೇ ಕ್ಷಣದಲ್ಲಿ ಎದುರಾದರು. ಅವನ ಗುಂಡು ಮೊದಲು ತಾಗಿತು.

ಸೋತೆವು. ಹುಡುಗಿ ಫೋನು ಮಡಿಲಲ್ಲಿಟ್ಟು ಬೆರಳು ನೆಟಿಕೆ ಮುರಿದಳು. "ಸ್ವಲ್ಪದ್ರಲ್ಲಿ ಹೋಯ್ತು ಉಪ್ಪಾ" ಎಂದಳು.

"ಟೀಚರೇ" ಎಂದರು ಯಜಮಾನರು. "ಇವಳು ಯಾವಾಗ ಇಷ್ಟೆಲ್ಲ ಕಲಿತದ್ದು?"

"ಅವಳನ್ನೇ ಕೇಳಿ" ಎಂದೆ. ಅವರು ಮಗಳನ್ನೇ ಕೇಳಿದರು.

"ನನಗೆ ಗೊತ್ತಿಲ್ಲದ್ದು ಇನ್ನೂ ಎಂತೆಲ್ಲ ಉಂಟು ಮಗಳೇ ನಿನ್ನ ಹತ್ತಿರ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಊರುಗೋಲಿಗೆ ಕೈ ಹಾಕಿದೆ. ಬಾಗಿಲು ದಾಟುವಾಗ ಅವಳ ಮಾತು ಕೇಳಿತು.

"ತುಂಬ ಉಂಟು ಉಪ್ಪಾ. ಎಲ್ಲಿಂದ ಶುರು ಮಾಡ್ಲಿ?"

ಮೇಜಿನ ಮೇಲಿದ್ದ ನನ್ನ ಹೆಡ್‌ಫೋನಿನಿಂದ, ಸಣ್ಣದಾಗಿ, ಆದರೆ ಸ್ಪಷ್ಟವಾಗಿ ಉತ್ತರ ಬಂತು.

"ನಾನು ವಿಮಾನ ಹತ್ತಿದಲ್ಲಿಂದ."